ಚಿತ್ರಕ್ಕೆ ರಫು ಹಾಕುವ ಯಂತ್ರ

ಹಂಪಿಯ ವಿಜಯ ವಿಠ್ಠಲ ದೇವಾಲಯದ ಅಂಗಳ. ಕಲ್ಲಿನ ರಥಕ್ಕೆ ಯಾರೂ ಅಡ್ಡ ಬಾರದ ಗಳಿಗೆಗೆ ಕಾದು ಸಾಕಾಗಿ, ಕೆಂಪು ಅಂಗಿಯವರೊಬ್ಬರು ಎದುರಿಗಿದ್ದಾಗಲೇ ಕ್ಲಿಕ್ಕಿಸಿದೆ. ಮನೆಗೆ ಬಂದು ಫೋಟೊಶಾಪ್‌ನಲ್ಲಿ ಅವರ ಸುತ್ತ ಧಾರಾಳವಾಗಿ ಗೆರೆ ಎಳೆದು ಅಳಿಸಿದೆ. ಅಂಗಿ ಮಾಯ, ಆ ಜಾಗದಲ್ಲಿ ಕಲ್ಲು.

ಅವರ ಹಿಂದೆ ಏನಿತ್ತೆಂದು ತಂತ್ರಾಂಶಕ್ಕೆ ಹೇಗೆ ಗೊತ್ತು? ಗೊತ್ತಿಲ್ಲ. ಅಂಗಿಯ ಹಿಂದಿನ ಕಲ್ಲಿನ ಬೆಳಕು ಲೆನ್ಸಿಗೆ ಬಂದೇ ಇಲ್ಲ. ಅಳಿಸಿದರೆ ಉಳಿಯುವುದು ತೂತು. ಅದನ್ನು ಮುಚ್ಚುವುದೇ ಅಸಲಿ ಕೆಲಸ.

ಹರಿದ ಸೀರೆಗೆ ರಫು ಹಾಕುವವರು ಅದೇ ಸೀರೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು ನೇಯುತ್ತಾರೆ. ಇಲ್ಲೂ ಹಾಗೇ. ಫೋಟೊಶಾಪ್‌ನ ಹಳೆಯ ಸಲಕರಣೆ ಕ್ಲೋನ್ ಸ್ಟ್ಯಾಂಪ್ ಪಕ್ಕದ ತುಣುಕನ್ನು ಇದ್ದಂತೆಯೇ ತಂದು ಅಂಟಿಸುತ್ತಿತ್ತು. ನೆರಳು ಹೊಂದದಿದ್ದರೆ ತೇಪೆ ಎದ್ದು ಕಾಣುತ್ತಿತ್ತು. 2002ರಲ್ಲಿ ಬಂದ ಹೀಲಿಂಗ್ ಬ್ರಷ್ ಮೇಲ್ಮೈಯ ತರಿತರಿಯನ್ನಷ್ಟೇ ಬೇರೆಡೆಯಿಂದ ತಂದು, ಬಣ್ಣ ಬೆಳಕನ್ನು ಆ ಜಾಗದ್ದಕ್ಕೇ ಹೊಂದಿಸಿತು.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು 2009ರ ಪ್ಯಾಚ್‌ಮ್ಯಾಚ್ ಎಂಬ ಉಪಾಯ. ತೂತಿನ ಒಳಗನ್ನು ಅಂದಾಜಿಗೆ ತುಂಬಿ, ಅಲ್ಲಿನ ಪ್ರತಿ ಪುಟ್ಟ ಚೌಕಕ್ಕೂ ಚಿತ್ರದ ಉಳಿದ ಭಾಗದಲ್ಲಿ ಜೋಡಿ ಹುಡುಕಬೇಕು. ಒಂದೊಂದನ್ನೂ ಎಲ್ಲದರ ಜೊತೆ ಹೋಲಿಸುತ್ತ ಕೂತರೆ ಮುಗಿಯುವ ಮಾತಲ್ಲ. ಆದ್ದರಿಂದ ಪ್ರತಿ ಚೌಕವೂ ಮೊದಲು ಕಣ್ಣುಮುಚ್ಚಿ ಎಲ್ಲೋ ಒಂದು ಜಾಗ ಆರಿಸುತ್ತದೆ. ಅಷ್ಟೊಂದು ಚೌಕಗಳು ಕಲ್ಲು ಬೀಸಿದರೆ ಒಂದೆರಡಕ್ಕಾದರೂ ಮಾವಿನಕಾಯಿ ಬೀಳದೇ ಇರುತ್ತದೆಯೇ? ಬಿದ್ದೊಡನೆ ಅದು ಪಕ್ಕದ ಚೌಕಕ್ಕೆ ಹೇಳುತ್ತದೆ: ನನ್ನ ಜೋಡಿ ಇಲ್ಲಿ ಸಿಕ್ಕಿತು, ನಿನ್ನದು ಇದರ ಮಗ್ಗುಲಲ್ಲೇ ಇರಬೇಕು, ನೋಡು. ಚಿತ್ರದಲ್ಲಿ ಅಕ್ಕಪಕ್ಕದವು ಸಾಮಾನ್ಯವಾಗಿ ಒಟ್ಟಿಗೇ ಇರುವುದರಿಂದ ನಾಲ್ಕೈದು ಸುತ್ತಿನಲ್ಲಿ ಸುದ್ದಿ ಊರೆಲ್ಲ ಹಬ್ಬುತ್ತದೆ. ಮರುವರ್ಷವೇ ಈ ಉಪಾಯ ಫೋಟೊಶಾಪ್ ಸಿಎಸ್5ರೊಳಗೆ ಸೇರಿತು.

2023ರಲ್ಲಿ ಬಂದ ಜನರೇಟಿವ್ ಫಿಲ್ ಎಳೆಯನ್ನು ಅದೇ ಸೀರೆಯಿಂದ ತೆಗೆಯಬೇಕಾಗಿಲ್ಲ. ಅಪಾರ ಚಿತ್ರಗಳನ್ನು ನೋಡಿ ಕಲಿತದ್ದರಿಂದ ಹೊಸ ಎಳೆಯನ್ನೇ ಹೊಸೆಯುತ್ತದೆ.

ಆಕಾಶ, ಹುಲ್ಲು, ಮರಳಿಗೆ ಇಷ್ಟು ಸಾಕು. ರಥಕ್ಕೆ ಸಾಲದು. ಅದರ ಮುಂದಿರುವ ಆನೆಗಳು ರಥದ ಜೊತೆ ಹುಟ್ಟಿದವಲ್ಲ. ಅಲ್ಲಿ ಮೊದಲು ಕುದುರೆಗಳಿದ್ದವು. ಅವುಗಳ ಮುರಿದ ಹಿಂಗಾಲು, ಬಾಲದ ಗುರುತು ಆನೆಗಳ ಹಿಂದೆ ಈಗಲೂ ಇದೆ. ತಿದ್ದಿದ ನನ್ನ ಚಿತ್ರದಲ್ಲಿ ಅಲ್ಲಿರುವುದು ನುಣುಪಾದ ಬೋಳುಗಲ್ಲು. ಸುತ್ತ ಬರೀ ಕಲ್ಲು ಕಂಡ ತಂತ್ರಾಂಶ ಬರೀ ಕಲ್ಲನ್ನೇ ಕೊಟ್ಟಿತ್ತು. ಮುರಿದ ಕಾಲಿಗೆ ಜೋಡಿಯನ್ನು ಅದು ಎಲ್ಲಿಂದ ತರಬೇಕು?

ಮೂಲ ಚಿತ್ರವನ್ನು ತೆರೆದು ದೊಡ್ಡದು ಮಾಡಿದೆ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅವರ ಮೊಣಕೈ ಸಂದಿಯಲ್ಲಿ ಕುದುರೆಗಾಲಿನ ಒಂದು ಚೂರು ಸ್ಪಷ್ಟವಾಗಿ ಕಾಣುತ್ತಿತ್ತು. ಧಾರಾಳವಾಗಿ ಎಳೆದ ನನ್ನ ಗೆರೆ ಅದನ್ನೂ ನುಂಗಿತ್ತು.