ಆಮ್‌ಸ್ಟರ್‌ಡಾಮ್ ಪಬ್ ಟೂರ್: ಟಿಕೆಟ್ ದರವೇ ಪೂರ್ತಿ ಖರ್ಚಲ್ಲ

ನೆದರ್ಲೆಂಡ್ಸ್ ಪ್ರವಾಸ ಹೋದವರಿಗೆ ಆಮ್‌ಸ್ಟರ್‌ಡಾಮ್‌ನಲ್ಲಿ 'ಪಬ್ ಕ್ರಾಲ್' ಜಾಹೀರಾತು ಕಣ್ಣಿಗೆ ಬೀಳುತ್ತೆ. ಗೈಡ್ ಒಬ್ಬರು ಗುಂಪನ್ನು ಬಾರ್‌ನಿಂದ ಬಾರ್‌ಗೆ, ಕೊನೆಗೆ ನೈಟ್‌ಕ್ಲಬ್‌ಗೆ ಕರೆದೊಯ್ಯುತ್ತಾರೆ. ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಪ್ರವೇಶ, ಒಂದೆರಡು ಡ್ರಿಂಕ್ಸ್ ಅಷ್ಟೇ, ಉಳಿದದ್ದು ಕೈಯಿಂದಲೇ. ಬಾರಿಗೊಂದು ಗ್ಲಾಸ್ ಅಂದುಕೊಂಡರೂ ಬಿಲ್ಲು ಟಿಕೆಟ್ಟನ್ನೇ ಮೀರಬಹುದು. ಅನೇಕ ಕಡೆ ನಗದು ನಡೆಯೋದಿಲ್ಲ. ಹಾಗಾಗಿ ಆ ರಾತ್ರಿಯ ಲೆಕ್ಕದಷ್ಟೇ ಹಣವನ್ನು ಬೇರೆ ಕಾರ್ಡಿಗೆ ಹಾಕಿಕೊಂಡು, ಊರಿಗೆ ಕಳಿಸುವ ದುಡ್ಡಿನ ಕಾರ್ಡನ್ನು ರೂಮಲ್ಲೇ ಬಿಡುವುದು ಒಳ್ಳೆಯದು.

ಮದ್ಯಕ್ಕೆ ಕನಿಷ್ಠ ವಯಸ್ಸು 18. ಗುರುತಿನ ದಾಖಲೆ ಕೇಳಬಹುದು. ರೆಡ್ ಲೈಟ್ ಪ್ರದೇಶದ ಬೀದಿಗಳಲ್ಲಿ ಗಾಂಜಾ ಸೇದುವುದು 2023ರ ಮೇ ತಿಂಗಳಿಂದ ನಿಷಿದ್ಧ, ದಂಡ 100 ಯೂರೋ. ಅಲ್ಲಿನ ಕಾಫಿಶಾಪ್‌ನಲ್ಲಿ ಸಿಗುತ್ತೆ ಅಂತ ವಾಪಸ್ ಬರುವ ಬ್ಯಾಗಿನಲ್ಲಿ ಅದರ ಚೂರೂ ಇರಬಾರದು. ಗಲ್ಫ್‌ನ ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದರೆ ಜೈಲು, ಕೆಲಸವೂ ಹೋದಂತೆಯೇ.