ರಿಂಗ್ ಫ್ರೇಮ್ ಮತ್ತು ಅದರ ಮುಂದೆ ನಿಲ್ಲುವ ಮೈ

ರಿಂಗ್ ಫ್ರೇಮ್ ಹತ್ತಿ ಗಿರಣಿಯ ಮುಖ್ಯ ಯಂತ್ರ. ಹಂಜಿಯನ್ನು ತೆಳ್ಳಗೆ ಎಳೆಯುವುದು, ಎಳೆದದ್ದಕ್ಕೆ ಹುರಿ ಕೊಡುವುದು, ಹುರಿಗೊಂಡ ನೂಲನ್ನು ಬಾಬಿನ್ನಿಗೆ ಸುತ್ತುವುದು, ಈ ಮೂರೂ ಕೆಲಸ ಅದರಲ್ಲಿ ಏಕಕಾಲಕ್ಕೆ ನಡೆಯುತ್ತವೆ. ಬೆಳಗಾವಿ ಜಿಲ್ಲೆಯಲ್ಲಿ ನೂಲಿನ ಗಿರಣಿ ಎಂದರೆ ಮೊದಲು ನೆನಪಾಗುವುದು ಗೋಕಾಕ ಫಾಲ್ಸ್. ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಈ ಜಾಗದಲ್ಲಿ, ಬೀಳುವ ನೀರಿನ ಬಲದಿಂದಲೇ ಯಂತ್ರ ಓಡಿಸುವ ಉದ್ದೇಶದಿಂದ 1885ರಲ್ಲಿ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. ಎರಡು ವರ್ಷಗಳ ಬಳಿಕ ಗಿರಣಿ ಶುರುವಾಯಿತು. ಕೊಣ್ಣೂರು, ಗೋಕಾಕ, ಅಂಕಲಗಿಯ ಸೀಮೆಗೆ ಮಳೆ ಮತ್ತು ಹಂಗಾಮು ನೋಡಿ ಮಾಡುವ ದುಡಿಮೆಯ ಜತೆಗೆ ಪಾಳಿಯ ದುಡಿಮೆಯೂ ಬಂತು. ಪಾಳಿಯ ಹೊತ್ತಿನಲ್ಲಿ ಮನುಷ್ಯನ ಮೈ ಯಂತ್ರದ ವೇಗಕ್ಕೆ ಹೊಂದಿಕೊಳ್ಳಬೇಕು. ಆ ಹೊಂದಾಣಿಕೆಯ ಕಷ್ಟವನ್ನು ಅರಿಯಲು ಯಂತ್ರವನ್ನು ಬಿಚ್ಚಿ ನೋಡಬೇಕಾಗುತ್ತದೆ.

ಕೈಯಲ್ಲಿ ನೂಲುವವರು ಬೆರಳುಗಳ ನಡುವೆ ಅರಳೆಯನ್ನು ಎಳೆಯುತ್ತಾರೆ, ಕದಿರು ತಿರುಗಿ ಹುರಿ ಏರುತ್ತದೆ. ರಿಂಗ್ ಫ್ರೇಮಿನಲ್ಲಿ ಬೆರಳಿನ ಕೆಲಸವನ್ನು ಮೂರು ಜೋಡಿ ಉರುಳೆಗಳು ಮಾಡುತ್ತವೆ. ಹಿಂದಿನ ಜೋಡಿ ನಿಧಾನ, ಮುಂದಿನದು ಬಲು ಬೇಗ. ವೇಗದ ಈ ವ್ಯತ್ಯಾಸದಿಂದ ಹಂಜಿಯ ಎಳೆಗಳು ಒಂದರ ಮೇಲೊಂದು ಜಾರಿ, ಅದು ಇಪ್ಪತ್ತು ಮೂವತ್ತು ಪಟ್ಟು ತೆಳ್ಳಗಾಗುತ್ತದೆ. ಅಲ್ಲಿಂದ ಕೆಳಗಿಳಿದ ಎಳೆ ಒಂದು ಉಕ್ಕಿನ ಬಳೆಯ ಬಳಿಗೆ ಬರುತ್ತದೆ. ಆ ಬಳೆಯೇ ರಿಂಗ್. ಅದರ ಅಂಚಿನ ಮೇಲೆ ಟ್ರಾವೆಲರ್ ಎಂಬ, ಉಗುರಿಗಿಂತ ಸಣ್ಣದಾದ ತಂತಿಯ ಕೊಂಡಿ ಸಡಿಲವಾಗಿ ಕೂತಿರುತ್ತದೆ. ನೂಲು ಈ ಕೊಂಡಿಯೊಳಗಿಂದ ಹಾದು ಬಳೆಯ ನಡುವೆ ತಿರುಗುವ ಬಾಬಿನ್ನಿಗೆ ಹೋಗುತ್ತದೆ. ಬಾಬಿನ್ನು ತಿರುಗಿದಾಗ ನೂಲೇ ಕೊಂಡಿಯನ್ನು ಎಳೆದುಕೊಂಡು ಓಡಿಸುತ್ತದೆ. ಕೊಂಡಿಯ ಒಂದು ಸುತ್ತಿಗೆ ನೂಲಿನಲ್ಲಿ ಒಂದು ಹುರಿ. ತಿಕ್ಕಾಟದಿಂದ ಕೊಂಡಿ ಬಾಬಿನ್ನಿಗಿಂತ ತುಸು ಹಿಂದೆ ಬೀಳುತ್ತದೆ, ಹಾಗೆ ಹಿಂದೆ ಬಿದ್ದಷ್ಟು ನೂಲು ಬಾಬಿನ್ನಿಗೆ ಸುತ್ತಿಕೊಳ್ಳುತ್ತದೆ. ಅಮೆರಿಕದ ಜಾನ್ ಥಾರ್ಪ್ 1828ರಲ್ಲಿ ರೂಪಿಸಿದ ರಿಂಗಿನ ತತ್ವ ಇಂದಿಗೂ ಉಳಿದುಕೊಂಡಿದೆ. ಬದಲಾದದ್ದು ವೇಗ.

ಆ ವೇಗದ ಲೆಕ್ಕ ಬೆರಗು ಹುಟ್ಟಿಸುವಂಥದು. ಇಂದಿನ ಕದಿರು ನಿಮಿಷಕ್ಕೆ 18 ಸಾವಿರ ಸುತ್ತು ತಿರುಗಬಲ್ಲದು. ರಿಂಗಿನ ವ್ಯಾಸ 40 ಮಿಲಿಮೀಟರ್ ಇದ್ದರೆ ಪುಟ್ಟ ಕೊಂಡಿ ಗಂಟೆಗೆ ಸುಮಾರು 135 ಕಿಲೋಮೀಟರ್ ವೇಗದಲ್ಲಿ, ಎಣ್ಣೆಯ ಆಸರೆ ಹೆಚ್ಚಿಲ್ಲದೆ, ಲೋಹದ ಮೇಲೆ ಲೋಹವಾಗಿ ಓಡುತ್ತದೆ. ಇಷ್ಟಾದರೂ 40 ನಂಬರಿನ ನೂಲು ಒಂದು ಕದಿರಿನಿಂದ ಹೊರಬರುವುದು ನಿಮಿಷಕ್ಕೆ 20 ಮೀಟರಿಗಿಂತ ಕಡಿಮೆ, ಏಕೆಂದರೆ ಒಂದು ಮೀಟರಿಗೆ ಸಾವಿರದಷ್ಟು ಹುರಿ ಬೇಕು. ಆದ್ದರಿಂದಲೇ ಒಂದು ಯಂತ್ರಕ್ಕೆ ಸಾವಿರಕ್ಕೂ ಹೆಚ್ಚು ಕದಿರು, ಒಂದು ಶೆಡ್ಡಿಗೆ ಹತ್ತಾರು ಯಂತ್ರ. ಕೊಂಡಿ ಕಾದು ಸವೆಯುತ್ತದೆ, ನೂಲು ಆಗಾಗ ಹರಿಯುತ್ತದೆ. ಸೈಡರ್ ಎನ್ನಿಸಿಕೊಳ್ಳುವ ಕೆಲಸಗಾರರು ಸಾಲಿನ ಉದ್ದಕ್ಕೂ ನಡೆಯುತ್ತ, ಹರಿದ ತುದಿಯನ್ನು ಹುಡುಕಿ, ಕದಿರನ್ನು ತಡೆದು, ಕೊಂಡಿಯೊಳಗೆ ಪೋಣಿಸಿ, ಉರುಳೆಯಿಂದ ಇಳಿಯುವ ಎಳೆಗೆ ಸೇರಿಸುತ್ತಾರೆ. ಪಳಗಿದ ಕೈಗೆ ಇದು ಕೆಲವೇ ಸೆಕೆಂಡಿನ ಕೆಲಸ. ನೋಡುವವರಿಗೆ ಸುಲಭವೆನಿಸುವ ಈ ಕೌಶಲ ತಿಂಗಳುಗಟ್ಟಲೆ ಕಲಿತರೆ ಮಾತ್ರ ಕೈಗೆ ಹತ್ತುತ್ತದೆ.

ಗಿರಣಿಯಲ್ಲಿ ಮೈಗೆ ಬರುವ ಅಪಾಯಗಳಲ್ಲಿ ದೊಡ್ಡದು ಧೂಳು. ಗಾಳಿಯಲ್ಲಿ ತೇಲಾಡಿ ತಲೆ, ಹುಬ್ಬಿನ ಮೇಲೆ ಕೂರುವ ಬಿಳಿ ಅರಳೆ ಕಣ್ಣಿಗೆ ಕಾಣುತ್ತದೆ. ಅದು ಬಹುಪಾಲು ಮೂಗಿನಲ್ಲೇ ನಿಲ್ಲುತ್ತದೆ. ಕೇಡು ಮಾಡುವುದು ಕಣ್ಣಿಗೆ ಕಾಣದ ಸಣ್ಣ ಧೂಳು. ಹತ್ತಿ ಬಿಡಿಸುವಾಗ ಕಾಯಿಯ ಬುಡದ ಒಣ ಎಲೆ, ತೊಟ್ಟಿನ ಚೂರುಗಳು ಅರಳೆಯೊಂದಿಗೆ ಸೇರುತ್ತವೆ. ಅವುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಅದು ಶ್ವಾಸನಾಳದ ಒಳಗೋಡೆಗೆ ತಾಗಿದಾಗ ಉರಿಯೂತ ಹುಟ್ಟಿ ನಾಳ ಬಿಗಿಯುತ್ತದೆ. ಇದರಿಂದ ಬರುವ ಕಾಯಿಲೆ ಬಿಸಿನೋಸಿಸ್.

ಈ ಕಾಯಿಲೆಯ ಮೊದಲ ಗುರುತು ವಿಚಿತ್ರವಾದದ್ದು: ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಹೆಚ್ಚು ಬಿಗಿಯುತ್ತದೆ, ಮುಂದಿನ ದಿನಗಳಲ್ಲಿ ಹಗುರಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಲ್ಲಿ ಇದಕ್ಕೆ ಸೋಮವಾರದ ಜ್ವರ ಎಂದೇ ಹೆಸರಿತ್ತು. 1950ರ ದಶಕದಲ್ಲಿ ಅಲ್ಲಿನ ವೈದ್ಯ ರಿಚರ್ಡ್ ಶಿಲ್ಲಿಂಗ್ ಇದನ್ನು ಹಂತಗಳಾಗಿ ವಿಂಗಡಿಸಿದರು. ಆಗೊಮ್ಮೆ ಈಗೊಮ್ಮೆ ವಾರದ ಮೊದಲ ದಿನ ಎದೆ ಬಿಗಿಯುವುದು ಆರಂಭ. ಬಳಿಕ ಪ್ರತಿ ವಾರದ ಮೊದಲ ದಿನವೂ, ಆಮೇಲೆ ಉಳಿದ ದಿನಗಳಲ್ಲೂ ಬಿಗಿತ. ಕೊನೆಗೆ ಗಿರಣಿ ಬಿಟ್ಟರೂ ಮರಳದ ಉಸಿರಿನ ನಷ್ಟ. ಮೊದಲ ಹಂತಗಳಲ್ಲಿ ಧೂಳಿನಿಂದ ದೂರವಾದರೆ ಶ್ವಾಸಕೋಶ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ವಾರದ ಮೊದಲ ಪಾಳಿಯ ಮೊದಲು ಮತ್ತು ನಂತರ ಸ್ಪೈರೋಮೀಟರಿನಲ್ಲಿ ಊದಿಸಿ, ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಎಷ್ಟು ಇಳಿದಿದೆ ಎಂದು ನೋಡುವುದು ಅಗ್ಗದ, ಬಲು ಉಪಯುಕ್ತ ಪರೀಕ್ಷೆ. ಬೀಡಿ, ಸಿಗರೇಟು ಸೇದುವವರಿಗೆ ಹಾನಿ ಇನ್ನೂ ಬೇಗ.

ಗಿರಣಿಯ ಎಲ್ಲ ವಿಭಾಗಗಳಲ್ಲಿ ಧೂಳು ಒಂದೇ ಪ್ರಮಾಣದಲ್ಲಿರುವುದಿಲ್ಲ. ಬೇಲ್ ಒಡೆದು ಹತ್ತಿ ಬಡಿಯುವ ಬ್ಲೋ ರೂಮ್ ಮತ್ತು ಎಳೆಗಳನ್ನು ಬಾಚುವ ಕಾರ್ಡಿಂಗ್‌ನಲ್ಲಿ ಅದು ಅತಿ ಹೆಚ್ಚು. ರಿಂಗ್ ಫ್ರೇಮಿಗೆ ಬರುವಷ್ಟರಲ್ಲಿ ಕಡಿಮೆ. 1978ರಲ್ಲಿ ಅಮೆರಿಕ ನೂಲಿನ ವಿಭಾಗಗಳಿಗೆ ಗಾಳಿಯ ಪ್ರತಿ ಘನ ಮೀಟರಿಗೆ 200 ಮೈಕ್ರೋಗ್ರಾಂ ಧೂಳಿನ ಮಿತಿ ಹಾಕಿತು. ಆ ಮಿತಿಯನ್ನು ಮುಟ್ಟಲು ಗಿರಣಿಗಳು ಕಾರ್ಡಿಂಗ್ ಯಂತ್ರಗಳನ್ನು ಪೂರ್ತಿ ಮುಚ್ಚಿ, ಧೂಳನ್ನು ಹುಟ್ಟಿದಲ್ಲಿಯೇ ಹೀರುವ ವ್ಯವಸ್ಥೆ ಮಾಡಬೇಕಾಯಿತು. ಸರಿಯಾದ ದಾರಿ ಇದೇ. ಮೂವತ್ತು ಡಿಗ್ರಿ ಮೀರಿದ ಸೆಕೆಯಲ್ಲಿ ಎಂಟು ಗಂಟೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರು ಎಂದು ಕೆಲಸಗಾರರಿಗೆ ಹೇಳುವುದು ಸುಲಭ, ಆದರೆ ಸಾಮಾನ್ಯ ಬಟ್ಟೆ ಸಣ್ಣ ಧೂಳನ್ನು ತಡೆಯುವುದೂ ಇಲ್ಲ.

ಸೆಕೆಗೂ ಕಾರಣವಿದೆ. ಒಣಗಾಳಿಯಲ್ಲಿ ಹತ್ತಿಯ ಎಳೆ ಪೆಡಸಾಗಿ ಹರಿಯುತ್ತದೆ, ಸ್ಥಿರವಿದ್ಯುತ್ತು ಸೇರಿ ಎಳೆಗಳು ಚದುರುತ್ತವೆ. ಅದಕ್ಕಾಗಿ ರಿಂಗ್ ವಿಭಾಗದ ಗಾಳಿಯಲ್ಲಿ 55ರಿಂದ 60 ಪ್ರತಿಶತ ತೇವ ಕಾಯ್ದುಕೊಳ್ಳುತ್ತಾರೆ. ನೂಲಿಗೆ ಹಿತವಾದ ಈ ಹವೆಯಲ್ಲಿ ಬೆವರು ಬೇಗ ಆರದು, ಮೈಯ ಕಾವು ಇಳಿಯದು. ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಬೇಕು. ಉಪ್ಪು ಬೆರೆಸಿದ ಮಜ್ಜಿಗೆ ಇದಕ್ಕೆ ಒಳ್ಳೆಯ ಪೇಯ.

ಸದ್ದಿನ ವಿಷಯಕ್ಕೆ ಬಂದರೆ, ಸಾವಿರಾರು ಕದಿರು ಕೂಡಿ ತಿರುಗುವ ಶೆಡ್ಡಿನಲ್ಲಿ ಅದು ಸಾಮಾನ್ಯವಾಗಿ 85ರಿಂದ 95 ಡೆಸಿಬೆಲ್. ಭಾರತದ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್ ತನಕ ಒಪ್ಪುತ್ತವೆ. ಕಿವಿಯ ದೃಷ್ಟಿಯಿಂದ ಈ ಮಿತಿ ಸಡಿಲ: 85ಕ್ಕೆ ಹೋಲಿಸಿದರೆ 90ರಲ್ಲಿ ಕಿವಿಗೆ ತಾಗುವ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಆಗ ಸ್ವರಗಳು ಕೇಳುತ್ತವೆ, ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಮಾತಾಡುತ್ತಿರುವುದು ಗೊತ್ತಾಗುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ಇದನ್ನು ಗಮನಗೇಡಿತನವೆಂದು ಬಗೆದು ಬೇಸರಪಟ್ಟುಕೊಳ್ಳುವುದುಂಟು. ವರ್ಷಕ್ಕೊಮ್ಮೆ ಆಡಿಯೋಮೀಟರಿನಲ್ಲಿ ಪರೀಕ್ಷಿಸಿದ್ದರೆ ಸಂಗತಿ ಬಹಳ ಮೊದಲೇ ಬಯಲಾಗುತ್ತಿತ್ತು. ಸವೆದ ಬೇರಿಂಗ್, ಸಡಿಲ ಪಟ್ಟಿ, ಓಲಾಡುವ ಕದಿರುಗಳನ್ನು ಹೊತ್ತಿಗೆ ಸರಿಪಡಿಸಿದರೆ ಸದ್ದೂ ತಗ್ಗುತ್ತದೆ, ನೂಲು ಹರಿಯುವುದೂ ತಗ್ಗುತ್ತದೆ. ಆಮೇಲೂ ಉಳಿಯುವ ಸದ್ದಿಗೆ ಕಿವಿಬಿರಡೆ.

ನೂಲಿನ ಗಿರಣಿಯ ಆಚೆಗೂ ಈ ಸೀಮೆಯಲ್ಲಿ ಧೂಳಿನ ತೊಂದರೆ ಇದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ, ಗೋಕಾಕ, ಮೂಡಲಗಿಗಳ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಟ್ಟಿಟ್ಟಾಗ ಅದರಲ್ಲಿ ಕಾವು ಏರಿ, ಶಾಖಪ್ರಿಯ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಬಗಾಸೋಸಿಸ್. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಬಿಸಿನೋಸಿಸ್ ಮತ್ತು ಬಗಾಸೋಸಿಸ್ ಎರಡೂ ಪರಿಹಾರದ ಹಕ್ಕು ಕೊಡುವ ಉದ್ಯೋಗದ ಕಾಯಿಲೆಗಳಾಗಿ ದಾಖಲಾಗಿವೆ. ದಮ್ಮು ಎಂದು ಹೇಳಿಕೊಂಡು ಬರುವ ರೋಗಿಗೆ ಏನು ಕೆಲಸ ಮಾಡುತ್ತೀರಿ ಎಂದು ವೈದ್ಯರು ಕೇಳದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಇತ್ತೀಚಿನ ರಿಂಗ್ ಫ್ರೇಮುಗಳು ಬಹಳಷ್ಟು ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ತುಂಬಿದ ಬಾಬಿನ್ನುಗಳನ್ನು ಒಮ್ಮೆಗೇ ಎತ್ತಿ ಖಾಲಿಯವನ್ನು ಇಡುವ ಆಟೋ ಡಾಫರ್, ಮೇಲಿನ ಹಳಿಯ ಮೇಲೆ ಓಡಾಡುತ್ತ ಅರಳೆ ಊದಿ ಹೀರುವ ಕ್ಲೀನರ್, ಪ್ರತಿ ಕದಿರಿಗೂ ಸೆನ್ಸರ್. ಹಿಂದೆ ಸೈಡರ್ ಸಾಲಿನುದ್ದಕ್ಕೂ ಕಣ್ಣು ಹಾಯಿಸುತ್ತ ನಡೆಯಬೇಕಿತ್ತು. ಈಗ ಎಲ್ಲಿ ನೂಲು ಹರಿದಿದೆಯೋ ಅಲ್ಲಿ ದೀಪ ಹೊತ್ತುತ್ತದೆ. ಇದರಿಂದ ಕಾಲಿನ ಶ್ರಮ ಇಳಿಯಬೇಕು. ಆದರೆ ಉಳಿದ ಹೊತ್ತಿಗೆಂದು ಒಬ್ಬರ ಪಾಲಿಗೆ ಇನ್ನಷ್ಟು ಯಂತ್ರ ವಹಿಸಿದರೆ ನಡಿಗೆ ಮೊದಲಿನಷ್ಟೇ ಆಗುತ್ತದೆ, ಹಿಮ್ಮಡಿಯ ನೋವು, ಉಬ್ಬಿದ ರಕ್ತನಾಳ ಹಾಗೆಯೇ ಮುಂದುವರಿಯುತ್ತವೆ. ಯಂತ್ರ ಕೊಳ್ಳುವಾಗಲೇ ಈ ಹಂಚಿಕೆಯನ್ನು ಕಾರ್ಮಿಕರೊಂದಿಗೆ ಕೂತು ತೀರ್ಮಾನಿಸುವುದು ಒಳಿತು. 2019ರಲ್ಲಿ ಬಾರ್ಸಿಲೋನಾದ ಜವಳಿ ಯಂತ್ರಗಳ ಮೇಳದಲ್ಲಿ ಸ್ವಿಟ್ಜರ್ಲೆಂಡಿನ ರೀಟರ್ ಕಂಪನಿ ಹರಿದ ನೂಲನ್ನು ತಾನೇ ಜೋಡಿಸುವ ರೋಬೋಟ್ ತೋರಿಸಿತು. ಸೈಡರ್ ಬೆರಳಿನ ಕೊನೆಯ ಕೆಲಸವೂ ಯಂತ್ರಕ್ಕೆ ಸಾಧ್ಯವೆಂದು ಅಲ್ಲಿಗೆ ತಿಳಿದಂತಾಯಿತು.

ಯಂತ್ರಗಳು ಹೀರಿದ ಧೂಳು ಮಾಯವಾಗುವುದಿಲ್ಲ. ಕೊಳವೆಗಳ ಮೂಲಕ ಫಿಲ್ಟರ್ ಕೋಣೆಗೆ ಹೋಗಿ, ಅಲ್ಲಿ ಒತ್ತಾಗಿ ಕೂಡಿಕೊಳ್ಳುತ್ತದೆ. ಶೆಡ್ಡಿನ ಗಾಳಿ ತಿಳಿಯಾದಷ್ಟೂ ಆ ಕೋಣೆಯ ಗಾಳಿ ದಟ್ಟ. ಫಿಲ್ಟರ್ ಬಿಡಿಸುವ, ಅರಳೆಯ ಕಸವನ್ನು ಗಂಟು ಕಟ್ಟುವ, ಯಂತ್ರದ ಅಡಿಯ ಕಾಲುವೆಗಿಳಿದು ಗುಡಿಸುವ ಕೆಲವೇ ಜನರ ಎದೆಗೆ ಹಿಂದೆ ನೂರಾರು ಜನ ಹಂಚಿಕೊಳ್ಳುತ್ತಿದ್ದ ಧೂಳು ಎದುರಾಗುತ್ತದೆ. ಹೆಚ್ಚಾಗಿ ಗುತ್ತಿಗೆಯ ಮೇಲೆ ಬರುವ ಇವರ ಹೆಸರು ಸ್ಪೈರೋಮೀಟರ್ ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಇರಬೇಕು. ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ಕಣಗಳನ್ನು ತಡೆಯುವ ರೆಸ್ಪಿರೇಟರ್ ನಿಜವಾಗಿ ಬೇಕಾದದ್ದೂ ಇವರಿಗೆ. ಪೊರಕೆ ಮತ್ತು ಗಾಳಿ ಊದುವ ಪೈಪಿನ ಬದಲು ಹೀರುವ ಯಂತ್ರದಿಂದ ಶುಚಿ ಮಾಡಿದರೆ ಕೂತ ಧೂಳು ಮತ್ತೆ ಏಳುವುದು ತಪ್ಪುತ್ತದೆ.