ನಿಮಗಿದು ಗೊತ್ತೆ? ಡೀಸೆಲ್ ಕಾರಿಗೂ ಬೇಕು ಔರಾದ್ ದಾರಿಯ ಓಟ!

ಬೀದರ್ ನಗರ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಹೀಗಾಗಿ ಇಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇ 6ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಟರ್ಬೊ ಇದ್ದರೆ ಹೊರಹೋಗುವ ಹೊಗೆಯ ರಭಸಕ್ಕೇ ಅದರ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗಿ, ಗಾಳಿಯನ್ನು ಒತ್ತಿ ತುಂಬಿ ಕೊರತೆ ನೀಗಿಸುತ್ತದೆ.

ಆದರೆ ಒಂದು ಲೀಟರಿನ ಪುಟ್ಟ ಪೆಟ್ರೋಲ್ ಟರ್ಬೊ ಸಾಮಾನ್ಯವಾಗಿ 1,500 ಆರ್‌ಪಿಎಂ ಕೆಳಗೆ ಮಂಕು. ಬೀದರ್ ನಗರದ ಚೌಬಾರಾ ಗೋಪುರದ ಸುತ್ತಿನ ಇಕ್ಕಟ್ಟಿನಲ್ಲಿ ಮೂರನೇ ಗೇರಿನಲ್ಲೇ ಎಳೆಯದೆ ಎರಡಕ್ಕೆ ಇಳಿಯುವುದೇ ಜಾಣತನ. ಬಲವಾಗಿ ಆಕ್ಸಿಲರೇಟರ್ ತುಳಿದರಂತೂ ಕಂಪನಿ ಹೇಳಿದ ಮೈಲೇಜ್ ಮರೆತುಬಿಡಿ!

ಡೀಸೆಲ್‌ನ ಮೈಲೇಜ್ ಹೆಚ್ಚು, ನಿಜ. ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಅಡಗಿದೆ. ತೊಡಕಿರುವುದು ಬೇರೆ ಕಡೆ. 2020ರ ಏಪ್ರಿಲ್ 1ರಂದು ಬಿಎಸ್‌6 ಮಾಲಿನ್ಯ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿ, ಅಂದರೆ ಡಿಪಿಎಫ್, ಕುಳಿತಿದೆ. ಕಟ್ಟಿದ ಮಸಿ ಸುಟ್ಟುಹೋಗಲು ಅಲ್ಲಿ ಸುಮಾರು 600 ಡಿಗ್ರಿ ಶಾಖ ಬೇಕು. ಮನೆಯಿಂದ ಮಾರುಕಟ್ಟೆಗೆ, ಅಲ್ಲಿಂದ ಶಾಲೆಗೆ ಎಂದು ಊರೊಳಗೇ ಸುತ್ತಿದರೆ ಆ ಬಿಸಿ ಏರುವುದೇ ಇಲ್ಲ, ಡಿಪಿಎಫ್ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಆಗ ಭಾಲ್ಕಿಗೋ, ಮಾಂಜ್ರಾ ನದಿ ದಾಟಿ ಔರಾದ್‌ಗೋ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಜಾಲರಿ ತಾನೇ ಶುಚಿಯಾಗುತ್ತದೆ.

ದಿನವೂ ಆ ಊರುಗಳಿಗೆ ಓಡಾಡುವವರಿಗೆ ಡೀಸೆಲ್ ಸರಿ. ಬೀದರ್ ಬಿಟ್ಟು ಕದಲದವರಿಗೆ ಪೆಟ್ರೋಲೇ ವಾಸಿ.